ದೊಡ್ಡ ಜಾತಿಯ ನಾಯಿಮರಿ ಕುಂಟಿದರೆ

ಬೆಳ್ಳೂರು, ನಾಗಮಂಗಲದ ಸುತ್ತಿನ ತೋಟದ ಮನೆಗಳ ಕಾವಲಿಗೆ ಮೊದಲೆಲ್ಲ ಊರ ನಾಯಿಯೇ ಸಾಕಾಗಿತ್ತು. ಈಗ ಆಲ್ಸೇಷಿಯನ್, ಲ್ಯಾಬ್ರಡಾರ್, ರಾಟ್‌ವೀಲರ್ ಮರಿಗಳೂ ಬರುತ್ತಿವೆ. ತಂದ ಕೆಲವೇ ತಿಂಗಳಲ್ಲಿ ಕರುವಿನಂತೆ ಬೆಳೆದ ಮರಿಯನ್ನು ಕಂಡು ಮನೆಯವರಿಗೆ ಹಿಗ್ಗು. ಆರೇಳು ತಿಂಗಳಾಗುವ ಹೊತ್ತಿಗೆ ಅದೇ ಮರಿ ಬೆಳಗ್ಗೆ ಏಳಲು ಒದ್ದಾಡುವುದುಂಟು. ಓಡುವಾಗ ಹಿಂಗಾಲೆರಡನ್ನೂ ಒಟ್ಟಿಗೆ ಎತ್ತಿ ಮೊಲದಂತೆ ಕುಪ್ಪಳಿಸುತ್ತದೆ. ಜಗಲಿಯ ಮೆಟ್ಟಿಲ ಬಳಿ ನಿಂತು ಯಜಮಾನನ ಮುಖ ನೋಡುತ್ತದೆ. "ಶೀತ ಹಿಡಿದಿದೆ" ಎನ್ನುವವರು ಕೆಲವರು, "ಕ್ಯಾಲ್ಸಿಯಂ ಸಾಲದು" ಎನ್ನುವವರು ಕೆಲವರು. ಎರಡನೆಯ ಮಾತಿನಿಂದ ಕೆಡುಕು ಹೆಚ್ಚು.

ಒರಳಿನ ಗುಳಿಯಲ್ಲಿ ಗುಂಡುಕಲ್ಲು ಕೂತಂತೆ, ತೊಡೆಮೂಳೆಯ ದುಂಡನೆಯ ತುದಿ ಸೊಂಟದ ಮೂಳೆಯ ಗುಳಿಯಲ್ಲಿ ಕೂತಿರುತ್ತದೆ. ಗುಳಿ ಆಳವಿಲ್ಲದೆ, ಕಟ್ಟು ಸಡಿಲವಾದರೆ ಗುಂಡು ಅಂಚಿಗೆ ಒರಸಿ ಎರಡೂ ಸವೆಯುತ್ತವೆ, ಕೀಲು ಬಿಗಿಯುತ್ತದೆ. ಇದಕ್ಕೆ ಹಿಪ್ ಡಿಸ್‌ಪ್ಲೇಸಿಯ ಎಂದು ಹೆಸರು. ನಾಯಿಗಳಲ್ಲಿ ಇದನ್ನು 1935ರಲ್ಲಿ ವರ್ಣಿಸಿದವರು ಅಮೆರಿಕದ ಪಶುವೈದ್ಯ ಷ್ನೆಲ್ಲೆ. ಮರಿ ಹುಟ್ಟುವಾಗ ಕೀಲು ಸರಿಯಾಗಿಯೇ ಕಾಣುತ್ತದೆ, ಸಡಿಲವಾಗುವುದು ಆಮೇಲೆ. ಮೂಲ ವಂಶದಲ್ಲಿದೆ, ನಿಜ. ಆದರೆ ಅದನ್ನು ಬೆಳೆಸುವುದು ಬಹುಮಟ್ಟಿಗೆ ನಮ್ಮ ಅನ್ನದ ತಟ್ಟೆ.

ಅಮೆರಿಕದಲ್ಲಿ 48 ಲ್ಯಾಬ್ರಡಾರ್ ಮರಿಗಳನ್ನು ಜೋಡಿ ಮಾಡಿ, ಪ್ರತಿ ಜೋಡಿಯಲ್ಲಿ ಒಂದಕ್ಕೆ ಅದರ ಒಡಹುಟ್ಟಿಗಿಂತ ಕಾಲುಭಾಗ ಕಡಿಮೆ ಆಹಾರವನ್ನು ಬದುಕಿನುದ್ದಕ್ಕೂ ಕೊಟ್ಟರು. ಕಡಿಮೆ ತಿಂದವುಗಳಲ್ಲಿ ಸೊಂಟದ ತೊಂದರೆ ಕಡಿಮೆ, ಕೀಲುಸವೆತವೂ ತಡ. 2002ರಲ್ಲಿ ಪ್ರಕಟವಾದ ಲೆಕ್ಕದಂತೆ ಅವುಗಳ ಮಧ್ಯಮ ಆಯುಸ್ಸು 13 ವರ್ಷ, ಹೆಚ್ಚು ತಿಂದವುಗಳದು 11.2. ಅರೆಹೊಟ್ಟೆ ಹಾಕಿ ಎಂದು ನಾನು ಹೇಳುತ್ತಿಲ್ಲ. ಕೈಯಾಡಿಸಿದರೆ ಪಕ್ಕೆಲುಬು ತಗುಲಬೇಕು, ಮೇಲಿನಿಂದ ನೋಡಿದರೆ ನಡು ಕಾಣಬೇಕು, ಅಷ್ಟೆ.

ಇನ್ನು ಕ್ಯಾಲ್ಸಿಯಂ. ಎಳೆಯ ಮರಿಯ ಕರುಳಿಗೆ ಮಿಕ್ಕ ಕ್ಯಾಲ್ಸಿಯಮ್ಮನ್ನು ಬೇಡವೆನ್ನುವ ಶಕ್ತಿ ಸಾಲದು. ಹಾಲೆಂಡಿನ ಯೂಟ್ರೆಕ್ಟಿನಲ್ಲಿ ಗ್ರೇಟ್ ಡೇನ್ ಮರಿಗಳಿಗೆ ಅದನ್ನು ಮಿತಿಮೀರಿ ಕೊಟ್ಟು ನೋಡಿದಾಗ ಮೂಳೆಗಳ ಬೆಳವಣಿಗೆಯೇ ಕೆಟ್ಟಿತು. ದೊಡ್ಡ ಜಾತಿಯ ಮರಿಗೆಂದೇ ತಯಾರಿಸಿದ ಆಹಾರ ಹಾಕುವವರು ಮೇಲೆ ಪುಡಿ, ಟಾನಿಕ್ ಸೇರಿಸಕೂಡದು. ಬರಿಯ ಅನ್ನ, ಮಾಂಸ ಹಾಕುವ ಮನೆಯಲ್ಲಿ ಕ್ಯಾಲ್ಸಿಯಂ ನಿಜವಾಗಿಯೂ ಸಾಲದೆ ಬರಬಹುದು; ಎಷ್ಟು ಬೇಕೆಂದು ತೂಕ ನೋಡಿ ಹೇಳಬೇಕಾದವರು ಪಶುವೈದ್ಯರು, ಅಂಗಡಿಯವರಲ್ಲ.

ಕುಂಟಿದ್ದೆಲ್ಲ ಸೊಂಟದ ರೋಗವೂ ಅಲ್ಲ. ಬೆಳೆಯುವ ಮೂಳೆಯ ನೋವು ಇಂದು ಒಂದು ಕಾಲಿಗೆ, ನಾಳೆ ಇನ್ನೊಂದಕ್ಕೆ ಬರುತ್ತದೆ. ಉಣ್ಣೆ ಕಚ್ಚಿ ಬರುವ ಜ್ವರದಲ್ಲೂ ಕೀಲು ಹಿಡಿಯುತ್ತದೆ. ಸೊಂಟದ ನಿಜಸ್ಥಿತಿ ತಿಳಿಯುವುದು ಎಕ್ಸ್‌ರೇಯಿಂದ. ಬೆಳ್ಳೂರು ಕ್ರಾಸಿನಿಂದ ಒಂದು ದಿಕ್ಕಿಗೆ ಹೋದರೆ ಹಾಸನದ ಪಶುವೈದ್ಯ ಕಾಲೇಜು, ಇನ್ನೊಂದು ದಿಕ್ಕಿಗೆ ಹೆಬ್ಬಾಳದ್ದು. ತಡಮಾಡುವುದು ಸಲ್ಲದು, ಗುಳಿಯನ್ನು ತಿದ್ದುವ ಒಂದು ಶಸ್ತ್ರಚಿಕಿತ್ಸೆಯಂತೂ ಮರಿಗೆ ಐದು ತಿಂಗಳು ತುಂಬುವ ಮೊದಲೇ ಆಗಬೇಕಾದದ್ದು. ನಮಗೆ ಬರೆದುಕೊಟ್ಟ ನೋವಿನ ಮಾತ್ರೆಯನ್ನು ನಾಯಿಗೆ ಹಾಕುವುದು ಬೇಡವೇ ಬೇಡ. ಐಬುಪ್ರೊಫೆನ್, ಡೈಕ್ಲೊಫೆನಾಕ್ ಅದರ ಹೊಟ್ಟೆಯಲ್ಲಿ ಹುಣ್ಣು ಮಾಡುತ್ತವೆ, ಮೂತ್ರಪಿಂಡವನ್ನೂ ಕೆಡಿಸುತ್ತವೆ.

ನುಣುಪಾದ ಗ್ರಾನೈಟ್ ನೆಲದಲ್ಲಿ ಕಾಲು ಜಾರಿ ಕೀಲು ಮತ್ತೆ ಮತ್ತೆ ಉಳುಕುತ್ತದೆ. ಮಲಗುವ ಕಡೆ, ಓಡಾಡುವ ಕಡೆ ಗೋಣಿ ಹಾಸಿ. ಬೈಕಿಗೆ ಕಟ್ಟಿ ಓಡಿಸಬೇಡಿ. ತೋಟದ ಮಣ್ಣಿನಲ್ಲಿ ನಡೆದಾಡಲಿ, ಕೆರೆಯಲ್ಲಿ ಈಜಲಿ. ಮೈ ಹಗುರವಾಗಿಟ್ಟು, ವೈದ್ಯರ ಔಷಧ ಕೊಟ್ಟರೆ ರೋಗವಿದ್ದೂ ವರ್ಷಗಟ್ಟಲೆ ನೆಮ್ಮದಿಯಾಗಿ ಬಾಳುವ ನಾಯಿಗಳು ಎಷ್ಟೋ ಇವೆ. ಕುಂಟಿತೆಂದು ಹೆದ್ದಾರಿಯ ಬದಿಯಲ್ಲಿ ಬಿಟ್ಟುಹೋಗುವವರು ಇದನ್ನು ತಿಳಿದಿದ್ದರೆ ಚೆನ್ನಾಗಿತ್ತು. ಆದರೆ ಅಂಥ ನಾಯಿಯಿಂದ ಮರಿ ಮಾಡಿಸಬಾರದು.

ಕಾವಲಿಗೆ ದೊಡ್ಡ ಜಾತಿಯೇ ಬೇಕೆ ಎಂಬುದೂ ಯೋಚಿಸತಕ್ಕದ್ದೇ. ಗ್ರೇಹೌಂಡಿನಲ್ಲಿ ಈ ರೋಗ ಅತಿ ವಿರಳ. ನಮ್ಮ ಮುಧೋಳದ ನಾಯಿಯೂ ಅದೇ ಬಗೆಯ ಸಪೂರ ಮೈಕಟ್ಟಿನದು. ಆಲ್ಸೇಷಿಯನ್ನೇ ಬೇಕೆಂದರೆ, ಕೊಳ್ಳುವ ಮೊದಲು ತಂದೆತಾಯಿಯ ಸೊಂಟದ ಎಕ್ಸ್‌ರೇ ಕೇಳಿ. ಮಾರುವವನು ನಕ್ಕರೆ, ಮರಿಯ ತಾಯಿ ಮಲಗಿದಲ್ಲಿಂದ ಎದ್ದು ನಾಲ್ಕು ಹೆಜ್ಜೆ ನಡೆಯುವುದನ್ನಾದರೂ ನೋಡಿ ಬನ್ನಿ.