ದೂರದ ಓಟ



ಶಾಲೆ, ಕಾಲೇಜುಗಳಲ್ಲಿ ನಾವು ಓಡಿದ್ದು 5,000 ಮೀಟರು. ಅಂದರೆ 400 ಮೀಟರಿನ ಹಾದಿಯಲ್ಲಿ ಹನ್ನೆರಡೂವರೆ ಸುತ್ತು. ಮೊದಲ ಸುತ್ತಿನಲ್ಲೇ ಉಸಿರನ್ನು ದುಂದು ಮಾಡಿದವನಿಗೆ ಎಂಟನೆಯ ಸುತ್ತಿಗೆ ಕಾಲು ಏಳದು. ಪದಕಗಳು ನಮಗೆ ಹೆಚ್ಚಾಗಿ ದೊರೆಯಲಿಲ್ಲ. ಆದರೆ ಹಿಡಿದ ವೇಗವನ್ನು ಕೊನೆಯವರೆಗೆ ಕಾಯ್ದುಕೊಳ್ಳುವ ಅಭ್ಯಾಸ ಬಂತು. ಬ್ಯಾಂಕಿನ ವರ್ಷಾಂತ್ಯದ ಲೆಕ್ಕದಲ್ಲಿ ಇಂದಿಗೂ ಅದೇ ನೆರವಿಗೆ ಬರುತ್ತದೆ.

ನಮ್ಮ ಬೆಳಗಾವಿಯ ಫಡೆಪ್ಪ ದರೆಪ್ಪ ಚೌಗುಲೆಯವರು 1920ರ ಆಂಟ್‌ವರ್ಪ್ ಒಲಿಂಪಿಕ್ ಕೂಟದ ಮ್ಯಾರಥಾನಿನಲ್ಲಿ 42.75 ಕಿಲೋಮೀಟರು ಓಡಿ 19ನೆಯವರಾಗಿ ಗುರಿ ಮುಟ್ಟಿದರು. ಪದಕ ಬರಲಿಲ್ಲ, ಶತಮಾನ ಕಳೆದರೂ ಹೆಸರು ಅಳಿದಿಲ್ಲ. ಸೂರತ್ತಿಗೆ ಸಮೀಪದ ಡಾಂಗ್ ಜಿಲ್ಲೆಯ ಮುರಳಿ ಗಾವಿತ್ 2019ರಲ್ಲಿ ದೋಹಾದ ಏಷ್ಯನ್ ಅಥ್ಲೆಟಿಕ್ಸ್ ಚಾಂಪಿಯನ್‌ಷಿಪ್ಪಿನ 10,000 ಮೀಟರಿನಲ್ಲಿ ಕಂಚು ಗೆದ್ದರು.

ಕತಾರ್‌ಗಾಮಿನಲ್ಲಿ ವಜ್ರ ಉಜ್ಜುವ ಕಾರ್ಖಾನೆಗಳ ನಡುವೆ ಬೆಳೆಯುವ ನಮ್ಮ ಮಕ್ಕಳಿಗೆ ಬಯಲೇ ಕಡಮೆ. ಹತ್ತನೆಯ ತರಗತಿ ಬಂದೊಡನೆ ಓಟವನ್ನೂ ಬಿಡಿಸುವ ರೂಢಿ ಬೆಳೆದಿದೆ. ನಮ್ಮ ಹಿರಿಯರು ಬಿಡಿಸಲಿಲ್ಲ, ಬಿ.ಕಾಂ. ಪದವಿಗೇನೂ ಕುಂದು ಬರಲಿಲ್ಲ. ಮಕ್ಕಳನ್ನು "ಎಷ್ಟನೆಯ ಸ್ಥಾನ?" ಎನ್ನುವ ಮೊದಲು "ಓಟ ಮುಗಿಸಿದೆಯಾ?" ಎಂದು ಕೇಳೋಣ. ತಾಪಿಯ ದಂಡೆಯಲ್ಲಿ ಬೆಳಗಿನ ಹೊತ್ತು ಅವರೊಡನೆ ನಾಲ್ಕು ಹೆಜ್ಜೆ ನಾವೂ ಓಡೋಣ.