ಗಿಡವನ್ನು ಜನವರಿಯಲ್ಲಿ ಆರಿಸಿ, ಜೂನಿನಲ್ಲಿ ನೆಡಿ

(ವಾಕಡದಲ್ಲಿ ನಡೆದ ಸದಸ್ಯರ ಕೂಟದಲ್ಲಿ ಸಂಘದ ಕಾರ್ಯಕರ್ತರೊಬ್ಬರು ಮಾಡಿದ ಭಾಷಣ)



ನಾನು ಎದ್ದು ನಿಂತರೆ ಪಗಾರದ ಮಾತು, ಇಲ್ಲವೆ ರಜೆಯ ಮಾತು ಎಂದು ನೀವು ಬಲ್ಲಿರಿ. ಇಂದು ಗಿಡದ ಮಾತಾಡಲು ನಿಂತಿದ್ದೇನೆ. ಏಳನೆಯ ಇಯತ್ತೆಗೆ ಶಾಲೆ ಬಿಟ್ಟವನು ನಾನು, ಸಸ್ಯಶಾಸ್ತ್ರ ಓದಿದವನಲ್ಲ. ಆದರೆ ಇದರಲ್ಲಿ ನಿಮ್ಮ ವಂತಿಗೆಯ ಹಣ ಸೇರಿದೆ. ಅದಕ್ಕೆ ಲೆಕ್ಕ ಒಪ್ಪಿಸುವುದು ನನ್ನ ಕರ್ತವ್ಯ.

ಕಳೆದ ವರ್ಷ ಮಳೆ ಹಿಡಿದಾಗ ನಮ್ಮ ವಸತಿಯ ಹಿಂದಿನ ಅಂಗಳಕ್ಕೆಂದು 20 ಗಿಡ ತಂದೆವು. ಆರಿಸಿದವನು ನಾನೇ. ಮಳೆಗಾಲದಲ್ಲಿ ನರ್ಸರಿಗೆ ಹೋದರೆ ಪ್ರತಿಯೊಂದು ಗಿಡವೂ ಮದುಮಗಳ ಹಾಗೆ ಕಾಣುತ್ತದೆ. ಊರಿನ ನೆನಪಾಗಿ ಮಲ್ಲಿಗೆ ತಂದೆ, ಕೇಪಳ ತಂದೆ, ಕಣ್ಣಿಗೆ ಚಂದ ಕಂಡ ಬಣ್ಣದೆಲೆಯ ಗಿಡಗಳನ್ನೂ ತಂದೆ. ಜನವರಿಯ ಹೊತ್ತಿಗೆ ಉಳಿದದ್ದು 6. ಉಳಿದ 14 ಗಿಡಗಳ ಹಣ ಮಣ್ಣುಪಾಲಾಯಿತು. ತಪ್ಪು ಗಿಡದ್ದಲ್ಲ, ಆರಿಸಿದವನದ್ದು.

ಏಕೆ ಹೀಗಾಯಿತು? ನಮ್ಮಲ್ಲಿ ಹೆಚ್ಚಿನವರು ಉಡುಪಿ, ಕುಂದಾಪುರದ ಕಡೆಯವರು. ಅಲ್ಲಿ ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ. ಚಳಿಗಾಲವೆಂದರೆ ಬೆಳಗಿನ ಮಂಜು, ಅಷ್ಟೆ. ಪುಣೆಯಲ್ಲಿ ಸುಮಾರು 700ರಿಂದ 800. ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ನೊಳಗೆ ಸುರಿದು ಮುಗಿಯುತ್ತದೆ. ಆಮೇಲೆ ಒಣಗಾಳಿ. ಡಿಸೆಂಬರ್, ಜನವರಿಯ ರಾತ್ರಿ ಹತ್ತು ಹನ್ನೆರಡು ಡಿಗ್ರಿಗೆ ಇಳಿಯುತ್ತದೆ, ಒಮ್ಮೊಮ್ಮೆ ಅದಕ್ಕೂ ಕೆಳಗೆ. ಮುಳಾ ನದಿ ಪಕ್ಕದಲ್ಲೇ ಹರಿದರೂ ನಮ್ಮ ಅಂಗಳಕ್ಕೆ ಅದರಿಂದ ಹನಿ ನೀರಿಲ್ಲ.

ಯುರೋಪಿನಂಥ ಶೀತದೇಶಗಳಲ್ಲಿ ಚಳಿ ಹತ್ತಿರವಾದಂತೆ ಅನೇಕ ಮರಗಳು ಬೋಳಾಗುತ್ತವೆ. ಅಲ್ಲಿನವರು ಚಳಿಗಾಲದ ತೋಟಕ್ಕೆಂದೇ ಎಲೆ ಉದುರಿಸದ ಗಿಡಗಳನ್ನು ಹುಡುಕಿ ನೆಡುತ್ತಾರೆ. ನಮ್ಮಲ್ಲಿ ಎಲೆ ಉದುರಿಸುವುದು ಮುಖ್ಯವಾಗಿ ಚಳಿಯಲ್ಲ, ನೀರಿನ ಬರ. ತೇಗ, ಮುತ್ತುಗ, ಬೂರುಗಗಳು ನೀರು ಉಳಿಸಲು ಎಲೆಯನ್ನೇ ಕಳಚುತ್ತವೆ. ದಪ್ಪ ಎಲೆಯ ಗಿಡ ಬೇರೆ ಉಪಾಯ ಮಾಡುತ್ತದೆ. ಕಣಗಿಲೆಯ ಎಲೆ ನೋಡಿ. ಮೇಲೆ ಮೇಣ ಸವರಿದಂತೆ ಹೊಳಪು. ಉಸಿರಾಡುವ ರಂಧ್ರಗಳೆಲ್ಲ ಕೆಳಬದಿಯ ಸಣ್ಣ ಗುಳಿಗಳೊಳಗೆ, ನವಿರು ರೋಮಗಳ ಮರೆಯಲ್ಲಿ ಇರುತ್ತವೆ. ಕಷ್ಟಕಾಲಕ್ಕೆ ಗಂಟು ಕಟ್ಟಿಟ್ಟ ಸಂಸಾರಸ್ಥನ ಹಾಗೆ ಅದು.

ಹಾಗಾದರೆ ನಮ್ಮ ಅಂಗಳಕ್ಕೆ ಯಾವುದು ಸರಿ?

ಮೊದಲನೆಯದು ನಂದಿಬಟ್ಟಲು. ನರ್ಸರಿಯಲ್ಲಿ ಮರಾಠಿಯಲ್ಲಿ ‘ತಗರ’ ಎಂದು ಕೇಳಿರಿ. ಸದಾ ಹಸಿರು, ಪೂಜೆಗೆ ಬಿಳಿ ಹೂವು, ಹೆಚ್ಚು ಆರೈಕೆ ಬೇಡ. ಎರಡನೆಯದು ಗೋರಂಟೆ, ಕೈಗೆ ಹಚ್ಚುವ ಮದರಂಗಿಯಲ್ಲ, ಇಲ್ಲಿಯವರು ‘ಕೋರಾಂಟಿ’ ಎನ್ನುವ ಹೂಗಿಡ. ಮಳೆ ಹೋದ ಮೇಲೆ, ಉಳಿದವು ಸೊರಗುವಾಗ, ಇದು ಹೂ ಬಿಡುತ್ತದೆ. ನೆರಳಿಗೆ ಒಂದು ಮರ ಬೇಕೆಂದರೆ ರೆಂಜೆ. ಇಲ್ಲಿ ಅದಕ್ಕೆ ‘ಬಕುಳ’ ಎನ್ನುತ್ತಾರೆ. ಬೆಳೆಯುವುದು ನಿಧಾನ. ನೆಟ್ಟವನಿಗಿಂತ ಆಮೇಲೆ ಬರುವ ಮಾಣಿಗಳಿಗೆ ನೆರಳು ಸಿಕ್ಕೀತು. ಸಿಗಲಿ.

ಕಣಗಿಲೆ ಗಟ್ಟಿ ಗಿಡವೇ. ಆದರೆ ಬೇರಿನಿಂದ ಹೂವಿನ ತನಕ ವಿಷ. ಮಕ್ಕಳು ಆಡುವಲ್ಲಿ, ಅಡಿಗೆಯ ಹತ್ತಿರ ಬೇಡ. ಆಟಿ ಅಮಾವಾಸ್ಯೆಗೆ ಕಷಾಯ ಮಾಡುವ ಪಾಲೆ ಮರವನ್ನು ಪುಣೆಯ ರಸ್ತೆಗಳಲ್ಲಿ ‘ಸಪ್ತಪರ್ಣಿ’ ಎಂದು ಸಾಲಾಗಿ ನೆಟ್ಟಿದ್ದಾರೆ. ಅದೂ ಸದಾ ಹಸಿರು. ಆದರೆ ಚಳಿ ಶುರುವಾಗುವಾಗ ಅದರ ಹೂವಿನ ಘಾಟಿಗೆ ಕೆಲವರ ತಲೆ ಸಿಡಿಯುತ್ತದೆ. ಕಿಟಕಿಯ ಪಕ್ಕ ಬೇಡ. ಕೇಪಳಕ್ಕೆ ನಮ್ಮೂರಿನ ಹುಳಿಗುಣದ ಕೆಂಪು ಮಣ್ಣು ಬೇಕು; ಇಲ್ಲಿಯ ಕಪ್ಪು ಮಣ್ಣಿನಲ್ಲಿ ಎಲೆ ಹಳದಿಯಾಗುತ್ತದೆ. ಮಲ್ಲಿಗೆ ಚಳಿಯಲ್ಲಿ ಹೂವು ಕೊಡುವುದು ಕಡಿಮೆ. ಬೇಕಾದವರು ಒಂದು ಡಬ್ಬದಲ್ಲಿ ಸಾಕಿರಿ. ಅಂಗಳವೆಲ್ಲ ಅದನ್ನೇ ನೆಡುವುದು ಬೇಡ. ಕರಿಬೇವು ಚಳಿಯಲ್ಲಿ ಚಿಗುರು ನಿಲ್ಲಿಸಿ ಎಲೆ ಉದುರಿಸುತ್ತದೆ. ಸತ್ತಿತೆಂದು ಕೀಳಬೇಡಿ. ನೀರು ಕಡಿಮೆ ಮಾಡಿ ಕಾಯಿರಿ. ಸೆಕೆ ಬಂದಾಗ ಚಿಗುರುತ್ತದೆ.

ಇನ್ನು ಸೇವಂತಿಗೆ. ಚಳಿಗಾಲದ ಬಣ್ಣವೆಂದರೆ ಅದೇ. ಈ ಗಿಡದಿಂದ ನಾನೊಂದು ಪಾಠ ಕಲಿತೆ. ಆಗ ಹೆದ್ದಾರಿಯ ಬದಿಯ ಒಂದು ಹೋಟೆಲಿನಲ್ಲಿ ಸಪ್ಲೈಯರ್ ಆಗಿದ್ದೆ. ಒಂದೇ ಗಿಡದ ಎರಡು ತುಂಡುಗಳನ್ನು ಎರಡು ಎಣ್ಣೆಡಬ್ಬಗಳಲ್ಲಿ ನೆಟ್ಟೆ. ಒಂದನ್ನು ಎದುರಿಗೆ, ಹೋಟೆಲಿನ ಬೋರ್ಡಿನ ದೀಪದ ಕೆಳಗೆ ಇಟ್ಟೆ. ಇನ್ನೊಂದನ್ನು ಹಿತ್ತಿಲಲ್ಲಿ, ಪಾತ್ರೆ ತೊಳೆಯುವ ಕತ್ತಲೆಯಲ್ಲಿ ಇಟ್ಟೆ. ನೀರು ಒಂದೇ, ಗೊಬ್ಬರ ಒಂದೇ. ಡಿಸೆಂಬರಿನಲ್ಲಿ ಹಿತ್ತಿಲಿನದು ಮೈತುಂಬ ಹೂ ಬಿಟ್ಟಿತು. ಎದುರಿನದು ಬರಿಯ ಎಲೆ. ಸೊಸೈಟಿಯೊಂದರ ಮುದುಕ ಮಾಳಿ ಚಹಾ ಕುಡಿಯಲು ಬಂದವನು ನೋಡಿ ನಕ್ಕ. “ಅರೆ ಪೋರಾ, ಅದಕ್ಕೆ ರಾತ್ರಿ ಎಲ್ಲಿದೆ?” ಎಂದ. ರಾತ್ರಿ ಉದ್ದವಾಗುತ್ತ ಬಂದಾಗಲೇ ಸೇವಂತಿಗೆ ಮೊಗ್ಗು ಕಟ್ಟುವುದು. ಬೆಳಗಿನ ತನಕ ಉರಿಯುವ ದೀಪದ ಕೆಳಗೆ ಅದಕ್ಕೆ ರಾತ್ರಿಯಾಗಲೇ ಇಲ್ಲ.

ಬಂಧುಗಳೇ, ಆ ವರ್ಷ ನಮಗೂ ರಾತ್ರಿ ಇರಲಿಲ್ಲ. ಬೆಳಿಗ್ಗೆ ಐದಕ್ಕೆ ಒಲೆ ಹೊತ್ತಿದರೆ ನೆಲ ತೊಳೆದು ಮಲಗುವಾಗ ಒಂದು ಗಂಟೆ. ವಾರದ ರಜೆ ಎಂಬ ಮಾತೇ ಇಲ್ಲ. ನಮ್ಮ ಜೊತೆಯ ಮಾಣಿಯೊಬ್ಬ ನಿಂತಲ್ಲೇ ತೂಕಡಿಸಿ ಕಾದ ಎಣ್ಣೆಗೆ ಕೈಯಿಟ್ಟ. ಮಾಳಿಯ ಮಾತು ಆ ರಾತ್ರಿ ನನ್ನನ್ನು ಮಲಗಗೊಡಲಿಲ್ಲ. ಮರುದಿನ ಗಲ್ಲಾದ ಮುಂದೆ ನಾವು ನಾಲ್ವರು ನಿಂತು ವಾರಕ್ಕೊಂದು ರಜೆ ಕೇಳಿದೆವು. ನನ್ನ ಕೆಲಸ ಹೋಯಿತು. ಉಳಿದ ಮೂವರಿಗೆ ರಜೆ ಸಿಕ್ಕಿತು. ನಾನು ಸಂಘಕ್ಕೆ ಬಂದ ದಾರಿ ಅದು.

ಆರೈಕೆಯ ಮಾತು ಚುಟುಕಾಗಿ ಹೇಳುತ್ತೇನೆ. ಡಬ್ಬದ ತಳಕ್ಕೆ ತೂತು ಹೊಡೆಯಿರಿ. ಚಳಿಯಲ್ಲಿ ನೀರನ್ನು ಬೆಳಿಗ್ಗೆ ಹಾಕಿರಿ, ಸಂಜೆ ಬೇಡ. ಬೆರಳು ಮಣ್ಣಿಗಿಳಿಸಿ ನೋಡಿ, ಒಣಗಿದ್ದರೆ ಮಾತ್ರ ಹಾಕಿರಿ. ಅಕ್ಕಿ, ತರಕಾರಿ ತೊಳೆದ ನೀರು ಆಗುತ್ತದೆ. ಸೋಪು, ಉಪ್ಪು ಸೇರಿದ ನೀರು ಆಗದು. ಹೋಟೆಲಿನಲ್ಲಿ ಎಸೆಯುವ ತೆಂಗಿನ ನಾರನ್ನು ಬುಡಕ್ಕೆ ಹೊದಿಸಿದರೆ ತೇವ ಉಳಿಯುತ್ತದೆ.

ಬೆಂಗಳೂರಿನ ಲಾಲ್‌ಬಾಗನ್ನು ನೋಡಿಕೊಂಡ ಜರ್ಮನ್ ತೋಟಗಾರ ಕ್ರುಂಬಿಗಲ್ 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದವರು. ಒಂದು ಜಾತಿಯ ಹೂವು ಮುಗಿಯುವಾಗ ಇನ್ನೊಂದು ಅರಳುವ ಹಾಗೆ ಅವರು ಊರಿನ ರಸ್ತೆಗಳಿಗೆ ಮರ ಆರಿಸಿದರು. ಅವರು ವರ್ಷಪೂರ್ತಿಯನ್ನು ಕಣ್ಣ ಮುಂದಿಟ್ಟುಕೊಂಡು ಆರಿಸಿದರು; ನಾನು ಜೂನ್ ತಿಂಗಳೊಂದನ್ನೇ ನೋಡಿ ಆರಿಸಿದೆ.

ಆದ್ದರಿಂದ ನನ್ನ ಸೂಚನೆ ಮೂರು. ಒಂದು, ಜನವರಿಯಲ್ಲಿ ಎಂಪ್ರೆಸ್ ಗಾರ್ಡನ್ನಿನ ಪುಷ್ಪಪ್ರದರ್ಶನಕ್ಕೆ ರಜೆಯಿರುವವರು ಕೂಡಿ ಹೋಗೋಣ. ದಾರಿಯುದ್ದಕ್ಕೂ ಯಾವ ಗಿಡ ನೀರಿಲ್ಲದೆಯೂ ಹಸಿರಾಗಿದೆ ಎಂದು ಬರೆದುಕೊಳ್ಳೋಣ. ಎರಡು, ಸೇವಂತಿಗೆಯ ಕುಂಡ ಬಿಟ್ಟು ಬೇರೇನನ್ನೂ ಈಗ ಕೊಳ್ಳುವುದು ಬೇಡ; ಬರೆದುಕೊಂಡದ್ದನ್ನು ಮಳೆ ಬಿದ್ದಾಗ ನೆಡೋಣ. ಮೂರು, ನೀರು ಹಾಕುವ ಸರದಿಯನ್ನು ಗಿಡ ತರುವ ಮೊದಲೇ ಗೋಡೆಗೆ ಬರೆಯೋಣ. ಮೊದಲ ವಾರ ನನ್ನದು.

ಮಳೆಗಾಲದಲ್ಲಿ ಎಲ್ಲವೂ ಹಸಿರು. ಚಳಿಯಲ್ಲಿ ಜೊತೆಗಿರುವುದು ಯಾವುದು ಎಂದು ನೋಡಿ ಆರಿಸೋಣ.