ಗೇರು ಪೆಟ್ಟಿಗೆ ಬದಲಿಸುವ ಮೊದಲು

(ಹೊನ್ನವಳ್ಳಿಯ ರೈತರ ಸಭೆಯಲ್ಲಿ ಗ್ರಾಮಸೇವಕರು ಮಾಡಿದ ಭಾಷಣ)



ತೆಂಗಿನ ಗೊಬ್ಬರದ ಮಾತು ಆಡಬೇಕಾದ ನಾನು ಇಂದು ಪಿಕಪ್ ಗಾಡಿಯ ಮಾತು ಎತ್ತಿಕೊಂಡಿದ್ದೇನೆ. ಅದಕ್ಕೆ ಕಾರಣವಿದೆ. ಈಚೆಗೆ ಹಿರಿಯ ರೈತರೊಬ್ಬರು ನನ್ನನ್ನು ತೋಟಕ್ಕೆ ಕರೆದು, "ಎಡಗಾಲಿನ ಮಂಡಿ ಹೋಯ್ತು ಸ್ವಾಮಿ. ತಿಪಟೂರಿಗೆ ಕೊಬ್ಬರಿ ಹಾಕ್ಕೊಂಡು ಹೋಗಿ ಬರೋದ್ರೊಳಗೆ ಕ್ಲಚ್ ತುಳಿದೂ ತುಳಿದೂ ಸಾಕಾಗುತ್ತೆ. ಗಾಡಿ ಬಿಟ್ಟರೆ ಮೂಲೇಲಿ ಕೂತಂಗೆ. ಆಟೋಮ್ಯಾಟಿಕ್ ಗೇರು ಹಾಕಿಸಿಬಿಡ್ಲಾ?" ಎಂದು ಕೇಳಿದರು. ತಿಂಗಳುಗಟ್ಟಲೆ ಅಟ್ಟದಲ್ಲಿ ಕಾಯ್ದ ಕೊಬ್ಬರಿಯ ಹಣ ಗ್ಯಾರೇಜಿಗೆ ಹೋಗುವ ಮೊದಲು ನಾವೆಲ್ಲರೂ ಇದನ್ನು ತಿಳಿದಿರುವುದು ಒಳ್ಳೆಯದು.

ಗೇರು ಬದಲಿಸುವಾಗ ಎಂಜಿನ್ನಿಗೂ ಗೇರಿಗೂ ಇರುವ ಸಂಬಂಧವನ್ನು ಕ್ಷಣಕಾಲ ಬಿಡಿಸುವುದೇ ಕ್ಲಚ್ಚಿನ ಕೆಲಸ. ಆಟೋಮ್ಯಾಟಿಕ್ ಗಾಡಿಯಲ್ಲಿ ಕ್ಲಚ್ ಪೆಡಲ್ ಇಲ್ಲ. ಎಣ್ಣೆಯೊಳಗೆ ಎದುರುಬದುರಾಗಿ ಎರಡು ಫ್ಯಾನುಗಳಿವೆ ಎಂದುಕೊಳ್ಳಿ. ಒಂದು ತಿರುಗಿದರೆ ಎಣ್ಣೆಯ ರಭಸಕ್ಕೆ ಇನ್ನೊಂದು ತಿರುಗುತ್ತದೆ. ಅಮೆರಿಕದ ಜನರಲ್ ಮೋಟಾರ್ಸ್ ಕಂಪನಿ ಈ ಬಗೆಯ ಗೇರನ್ನು 1939ರಲ್ಲೇ ಕಾರುಗಳಿಗೆ ತಂದಿತು. ನಮ್ಮಲ್ಲಿ 2014ರಲ್ಲಿ ಬಂದ ಮಾರುತಿ ಸೆಲೆರಿಯೊ ಕಾರಿನಲ್ಲಿ ಬೇರೊಂದು ಉಪಾಯ ಮಾಡಿದರು: ಗೇರು ಪೆಟ್ಟಿಗೆ ಹಳೆಯ ಬಗೆಯದೇ, ಕ್ಲಚ್ ಒತ್ತುವುದೂ ಗೇರು ಬದಲಿಸುವುದೂ ಯಂತ್ರ.

ಆದರೆ ಇರುವ ಪಿಕಪ್ಪಿಗೆ ಇದನ್ನು ಕೂರಿಸುವುದೆಂದರೆ ಒಂಟೆತ್ತಿನ ಗಾಡಿಯನ್ನು ಜೋಡೆತ್ತಿನ ಗಾಡಿ ಮಾಡಿದಂತೆ. ಮೂಕಿ, ನೊಗ ಎಲ್ಲವೂ ಬದಲಾಗಬೇಕು. ಪೆಟ್ಟಿಗೆ ಕೂರುವ ಜಾಗ, ಪ್ರೊಪೆಲ್ಲರ್ ಷಾಫ್ಟಿನ ಉದ್ದ, ಎಣ್ಣೆ ತಂಪು ಮಾಡುವ ರೇಡಿಯೇಟರ್, ಗೇರು ನಡೆಸುವ ಕಂಪ್ಯೂಟರ್, ವೈರಿಂಗ್ ಎಲ್ಲವೂ ಹೊಂದಬೇಕು. ಹೊಂದದಿದ್ದರೆ ಭಾರ ಹೊತ್ತು ಏರು ಹತ್ತುವಾಗ ಎಣ್ಣೆ ಕಾದು ಪೆಟ್ಟಿಗೆ ಕೆಡುತ್ತದೆ.

ಕಾನೂನಿನ ತೊಡಕೂ ಇದೆ. ನೋಂದಣಿ ಪತ್ರದ ವಿವರಗಳು ತಯಾರಕರು ಕೊಟ್ಟದ್ದಕ್ಕೆ ವ್ಯತ್ಯಾಸವಾಗುವಂತೆ ವಾಹನವನ್ನು ಮಾರ್ಪಡಿಸಕೂಡದೆಂದು 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮು ಹೇಳುತ್ತದೆ. 2019ರಲ್ಲಿ ಸುಪ್ರೀಂ ಕೋರ್ಟು ಇದನ್ನೇ ಎತ್ತಿಹಿಡಿಯಿತು. ಅಂಗವಿಕಲರ ಉಪಯೋಗಕ್ಕಾಗಿ ಮಾರ್ಪಡಿಸಲು ಅವಕಾಶವುಂಟು. ಅದಕ್ಕೆ ನೋಂದಣಿ ಅಧಿಕಾರಿಗಳ ಒಪ್ಪಿಗೆ ಬೇಕು. ಆದುದರಿಂದ ಮೊದಲು ತಿಪಟೂರಿನ ಆರ್.ಟಿ.ಓ. ಕಚೇರಿಯಲ್ಲಿ ವಿಚಾರಿಸಿರಿ. ವಿಮಾ ಕಂಪನಿಗೂ ತಿಳಿಸಿರಿ. ಇಲ್ಲವಾದರೆ ಅಪಘಾತವಾದ ದಿನ ತಕರಾರು ಬರಬಹುದು.

ಆ ಹಿರಿಯರ ಗಾಡಿಯ ಕ್ಲಚ್ಚನ್ನು ನಾನೇ ತುಳಿದು ನೋಡಿದೆ. ಕಲ್ಲು ತುಳಿದಂತಿತ್ತು! ಮೆಕ್ಯಾನಿಕ್ ಬಿಚ್ಚಿದಾಗ ಪ್ಲೇಟು ಸವೆದಿತ್ತು, ಕೇಬಲ್ ಒಣಗಿತ್ತು. ಎರಡನ್ನೂ ಬದಲಿಸಿದ ಮೇಲೆ ಪೆಡಲ್ ಹಗುರವಾಯಿತು. ಮಂಡಿಯ ನೋವು ಪೂರ್ತಿ ಹೋಗಿಲ್ಲ. ಅದಕ್ಕೆ ವೈದ್ಯರೇ ಬೇಕು. ಆದರೆ ಗಾಡಿಯನ್ನು ಅವರು ಬಿಟ್ಟಿಲ್ಲ.

ಆದುದರಿಂದ ಈ ನಾಲ್ಕು ಮಾತು ನೆನಪಿಡಿ:

1. ಓಡುವಾಗ ಕ್ಲಚ್ ಮೇಲೆ ಕಾಲಿಡಬೇಡಿ.
2. ಏರಿನಲ್ಲಿ ಅರ್ಧ ಕ್ಲಚ್ಚಿನಲ್ಲಿ ನಿಲ್ಲಬೇಡಿ. ಹ್ಯಾಂಡ್ ಬ್ರೇಕ್ ಎಳೆಯಿರಿ.
3. ನೋಂದಣಿ ಪತ್ರದಲ್ಲಿ ಬರೆದುದಕ್ಕಿಂತ ಹೆಚ್ಚು ಭಾರ ಹೇರಬೇಡಿ.
4. ಪೆಡಲ್ ಬಿಗಿಯಾದ ಕೂಡಲೇ ತೋರಿಸಿ.

ಇಷ್ಟಾದರೂ ಕಾಲು ಒಪ್ಪದಿದ್ದರೆ, ಮುಂದೆ ಗಾಡಿ ಕೊಳ್ಳುವಾಗ ಕಾರ್ಖಾನೆಯಲ್ಲೇ ಆಟೋಮ್ಯಾಟಿಕ್ ಗೇರು ಕೂರಿಸಿದ್ದು ಸಿಗುವುದೇ ಎಂದು ವಿಚಾರಿಸಿರಿ.